ಬಸ್ಸು ಉಚಿತ, ರಸ್ತೆ ಕಾರಿನದು

ಮೆಡಿಟರೇನಿಯನ್ ಸಮುದ್ರದ ನಡುವೆ, ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕೆ, ಮಾಲ್ಟಾ ಎಂಬ ಪುಟ್ಟ ದೇಶವಿದೆ. ಮಾಲ್ಟಾ, ಗೊಝೊ, ಕೊಮಿನೊ ಎಂಬ ಅದರ ಮೂರು ದ್ವೀಪಗಳನ್ನು ಕೂಡಿಸಿದರೂ ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟೂ ಆಗದು. ದೊಡ್ಡ ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 27 ಕಿಲೋಮೀಟರ್. ಜನಸಂಖ್ಯೆ ಐದೂವರೆ ಲಕ್ಷದ ಆಸುಪಾಸು. 2022ರ ಅಕ್ಟೋಬರ್ 1ರಂದು ಈ ದೇಶ ತನ್ನ ಎಲ್ಲ ನಿವಾಸಿಗಳಿಗೂ ಬಸ್ ಪ್ರಯಾಣವನ್ನು ಉಚಿತ ಮಾಡಿತು. ಅದಕ್ಕೂ ಮೊದಲೇ ಎಳೆಯರಿಗೆ, ಹಿರಿಯರಿಗೆ ರಿಯಾಯಿತಿಗಳಿದ್ದವು. ಈಗ 'ತಾಲ್ಲಿನ್ಯಾ' ಕಾರ್ಡು ಮಾಡಿಸಿಕೊಂಡ ಯಾರೇ ಆದರೂ ಬಿಡಿಗಾಸು ಕೊಡದೆ ದೇಶ ಸುತ್ತಬಹುದು. ಸರ್ಕಾರದ ಎಣಿಕೆ ಸರಳವಾಗಿತ್ತು: ಟಿಕೆಟ್ಟಿಲ್ಲ ಅಂದಮೇಲೆ ಜನ ಕಾರು ಬಿಟ್ಟು ಬಸ್ ಹತ್ತುತ್ತಾರೆ. ಬಸ್ ಹತ್ತುವವರೇನೋ ಹೆಚ್ಚಿದರು, ಕೋವಿಡ್‌ಗೆ ಹಿಂದಿನ ಮಟ್ಟವನ್ನೂ ದಾಟಿದರು. ಕಾರು ಮಾತ್ರ ಕಡಿಮೆಯಾಗಲಿಲ್ಲ. ಆಗಲೇ 4 ಲಕ್ಷ ದಾಟಿದ್ದ ವಾಹನಗಳ ಸಂಖ್ಯೆ ಆಮೇಲೂ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ತೊಟ್ಟಿಲ ಕೂಸನ್ನೂ ಸೇರಿಸಿ ಎಣಿಸಿದರೆ ಅಲ್ಲಿ ಹತ್ತು ಜನರಿಗೆ ಏಳೆಂಟು ವಾಹನ.

ಉಚಿತ ಬಸ್ಸಿನ ಯೋಜನೆ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಆದರೆ ಅದು ಮುಟ್ಟಬೇಕಾದ ನರವನ್ನು ಮುಟ್ಟಲಿಲ್ಲ. ಬಸ್ಸಿನಲ್ಲಿ ಹೋಗುವವರು ತೆರುವ ದೊಡ್ಡ ಬೆಲೆ ಟಿಕೆಟ್ಟಿನದಲ್ಲ, ಹೊತ್ತಿನದು. ನಿಲ್ದಾಣದವರೆಗೆ ನಡೆಯುವ ಹೊತ್ತು, ಬಿಸಿಲಲ್ಲಿ ಕಾಯುವ ಹೊತ್ತು, ಹತ್ತಿದ ಮೇಲೆ ನಿಂತು ನಿಂತು ಸಾಗುವ ಹೊತ್ತು. ಮಾಲ್ಟಾದ ಹೆಚ್ಚಿನ ರಸ್ತೆಗಳಲ್ಲಿ ಬಸ್ಸಿಗೆಂದು ಬೇರೆ ದಾರಿಯಿಲ್ಲ. ಕಾರುಗಳ ಸಾಲಿನಲ್ಲೇ ಅದೂ ನಿಲ್ಲಬೇಕು, ಮೇಲಾಗಿ ಪ್ರತಿ ನಿಲ್ದಾಣದಲ್ಲೂ ನಿಲ್ಲಬೇಕು. ಹಾಗಾಗಿ ಒಂದೇ ದಾರಿಯಲ್ಲಿ ಬಸ್ಸು ಕಾರಿಗಿಂತ ಬೇಗ ಮುಟ್ಟುವ ಪ್ರಶ್ನೆಯೇ ಏಳುವುದಿಲ್ಲ. ಮನೆಮುಂದೆ ಕಾರು ನಿಲ್ಲಿಸಿಕೊಂಡಿರುವವರು ಒಂದೆರಡು ಯೂರೊ ಉಳಿಸಲು ಅರ್ಧ ಗಂಟೆ ಕಳೆದುಕೊಳ್ಳುವುದಿಲ್ಲ. ಅವರದು ಸೋಮಾರಿತನವಲ್ಲ, ಲೆಕ್ಕ. ಆ ಲೆಕ್ಕ ಬದಲಾಗಬೇಕಾದರೆ ಬಸ್ಸಿನ ದರ ಇಳಿಸಿದರೆ ಸಾಲದು, ರಸ್ತೆಯಲ್ಲಿ ಯಾರಿಗೆ ಎಷ್ಟು ಜಾಗ ಎಂಬುದು ಬದಲಾಗಬೇಕು. ಎಲ್ಲ ಊರುಗಳಿಗೂ ಇದು ಅನ್ವಯಿಸುತ್ತದೆ, ನಿಜ. ಆದರೆ ದ್ವೀಪ ದೇಶದಲ್ಲಿ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ: ಊರು ಬೆಳೆದಂತೆ ಹೊರಗೆ ಹರಡಲು ನೆಲವಿಲ್ಲ, ರಸ್ತೆ ಅಗಲಿಸಿದಷ್ಟೂ ಹೊಲ ಕರಗುತ್ತದೆ.

ಸಾರ್ವಜನಿಕ ಸಾರಿಗೆಗೆ ತನ್ನದೇ ದಾರಿಯಿದ್ದ ಕಾಲವೊಂದು ಮಾಲ್ಟಾದಲ್ಲೂ ಇತ್ತು. ಬ್ರಿಟಿಷರ ಆಳ್ವಿಕೆಯಲ್ಲಿ, 1883ರಲ್ಲಿ, ರಾಜಧಾನಿ ವಲೆಟ್ಟಾದಿಂದ ನಡುನಾಡಿನ ಹಳೆಯ ಕೋಟೆಯೂರು ಮ್‌ದೀನಾದ ಕಡೆಗೆ ಸಣ್ಣ ರೈಲೊಂದು ಓಡತೊಡಗಿತು. 1905ರಲ್ಲಿ ಟ್ರಾಮ್ ಬಂತು. ಆಮೇಲೆ ಬಸ್ಸುಗಳು ಬಂದವು, ಅಗ್ಗವಾಗಿದ್ದವು, ಮನೆಯ ಹತ್ತಿರಕ್ಕೇ ಬರುತ್ತಿದ್ದವು. ಟ್ರಾಮ್ 1929ರಲ್ಲಿ, ರೈಲು 1931ರಲ್ಲಿ ನಿಂತವು. ಬಿರ್ಕಿರ್ಕಾರಾ ಊರಿನ ಹಳೆಯ ರೈಲು ನಿಲ್ದಾಣ ಈಗ ಉದ್ಯಾನ. ಅಂದು ಬಸ್ಸು ಗೆದ್ದದ್ದು ರಸ್ತೆ ಖಾಲಿಯಿದ್ದುದರಿಂದ ಎಂಬುದನ್ನು ಗಮನಿಸಬೇಕು. ಖಾಲಿ ರಸ್ತೆಯಲ್ಲಿ ಹಳಿಯ ಅಗತ್ಯ ಯಾರಿಗೂ ಕಾಣಲಿಲ್ಲ. ರಸ್ತೆ ತುಂಬಿದ ಮೇಲೆ ಹಳಿ ಇರಲಿಲ್ಲ.

ಮುಂದಿನ ಎಂಟು ದಶಕ ದೇಶದ ಸಾರಿಗೆಯೆಂದರೆ ಬಸ್ಸೇ. ಚಾಲಕರೇ ಮಾಲೀಕರಾಗಿದ್ದ, ಬ್ರಿಟನ್ನಿನಿಂದ ತಂದ ಚಾಸಿಯ ಮೇಲೆ ಸ್ಥಳೀಯವಾಗಿ ಮೈ ಕಟ್ಟಿದ, ಒಳಗೆ ಸಂತರ ಚಿತ್ರ ಅಂಟಿಸಿಕೊಂಡ ಹಳದಿ ಬಸ್ಸುಗಳು ಪ್ರವಾಸಿಗರ ಪೋಸ್ಟ್‌ಕಾರ್ಡಿನಲ್ಲಿ ಚೆಂದ ಕಾಣುತ್ತಿದ್ದವು. ದಿನನಿತ್ಯ ಹೋಗುವವರಿಗೆ ಹೊಗೆ, ಸೆಕೆ, ಮುರಿದ ವೇಳಾಪಟ್ಟಿ. 2011ರ ಜುಲೈಯಲ್ಲಿ ಅವನ್ನು ಒಂದೇ ದಿನ ಒಟ್ಟಾಗಿ ನಿಲ್ಲಿಸಿ, ಅರೈವಾ ಎಂಬ ಬಹುರಾಷ್ಟ್ರೀಯ ಕಂಪನಿಗೆ ಸೇವೆಯನ್ನು ವಹಿಸಲಾಯಿತು. ಮಾರ್ಗಗಳನ್ನೂ ಹೊಸದಾಗಿ ಬರೆದರು. ನೇರವಾಗಿ ವಲೆಟ್ಟಾಕ್ಕೆ ಹೋಗುತ್ತಿದ್ದವರು ನಡುವೆ ಇಳಿದು ಬೇರೆ ಬಸ್ ಹಿಡಿಯಬೇಕಾಯಿತು, ಸಿಟ್ಟಾದರು. ಲಂಡನ್ನಿನಲ್ಲಿ ಓಡಿ ಹಳತಾದ ಉದ್ದನೆಯ ಜೋಡುಬಸ್ಸುಗಳು ಮಾಲ್ಟಾದ ಕಿರುದಾರಿಗಳಿಗೆ ಬಂದವು. 2013ರ ಬೇಸಿಗೆಯಲ್ಲಿ ಕೆಲವಕ್ಕೆ ಬೆಂಕಿ ಹತ್ತಿಕೊಂಡಾಗ ಅವನ್ನು ರಸ್ತೆಯಿಂದ ತೆಗೆಯಲಾಯಿತು. 2014 ಬರುವ ಹೊತ್ತಿಗೆ ಕಂಪನಿಯೇ ಹೊರಟುಹೋಯಿತು. ಒಂದು ವರ್ಷ ಸರ್ಕಾರವೇ ನಡೆಸಿ, 2015ರಲ್ಲಿ ಸ್ಪೇನ್ ಮೂಲದ ಇನ್ನೊಂದು ಸಂಸ್ಥೆಗೆ ಕೊಟ್ಟಿತು. ಈ ಗದ್ದಲದಲ್ಲಿ ಮಾಲೀಕ ಬದಲಾದ, ಬಣ್ಣ ಬದಲಾಯಿತು, ಬಸ್ಸಿನೊಳಗೆ ಎ.ಸಿ. ಬಂತು. ಬದಲಾಗದೆ ಉಳಿದದ್ದು ಬಸ್ಸು ಓಡುವ ರಸ್ತೆ. 2010ರ ಸಮೀಕ್ಷೆಯ ಪ್ರಕಾರ ಅಲ್ಲಿನ ನೂರು ಪ್ರಯಾಣಗಳಲ್ಲಿ ಸುಮಾರು 75 ಕಾರಿನಲ್ಲಿ, 11 ಮಾತ್ರ ಬಸ್ಸಿನಲ್ಲಿ. ಆ ಸಮೀಕ್ಷೆಗೂ ಇಪ್ಪತ್ತು ವರ್ಷ ಹಿಂದೆ ಬಸ್ಸಿನ ಪಾಲು ಅದರ ಎರಡರಷ್ಟಿತ್ತು.

ಟಿಕೆಟ್ಟಲ್ಲ, ಹೊತ್ತೇ ಮುಖ್ಯ ಎಂಬ ಈ ವಾದಕ್ಕೆ ಒಳ್ಳೆಯ ಸಾಕ್ಷಿ ರಸ್ತೆಯ ಮೇಲಲ್ಲ, ನೀರಿನ ಮೇಲಿದೆ. ವಲೆಟ್ಟಾ ಒಂದು ಕಡಿದಾದ ನಾಲಿಗೆಯಂಥ ದಿಣ್ಣೆ; ಅದರ ಎರಡು ಬದಿಗೂ ಆಳವಾದ ಬಂದರುಗಳು ಒಳನುಗ್ಗಿವೆ. ಒಂದು ಬದಿಯಲ್ಲಿ ನೀರಿನಾಚೆ ಬಿರ್ಗು, ಸೆಂಗ್ಲಿಯಾ, ಬೋರ್ಮ್ಲಾ ಎಂಬ ಮೂರು ಹಳೆಯ ಊರುಗಳು. ಇನ್ನೊಂದು ಬದಿಯಲ್ಲಿ ಹೋಟೆಲುಗಳ, ಕಚೇರಿಗಳ ಸ್ಲೀಮಾ. ಎರಡೂ ಕಣ್ಣಳತೆಯಲ್ಲೇ ಇವೆ. ಆದರೆ ರಸ್ತೆಯಲ್ಲಿ ಹೋಗುವವರು ಬಂದರಿನ ಒಳತುದಿಯವರೆಗೆ ಹೋಗಿ, ದೇಶದ ಅರ್ಧ ವಾಹನಗಳು ಸೇರುವ ಇಕ್ಕಟ್ಟಿನ ಜಂಕ್ಷನ್‌ಗಳನ್ನು ದಾಟಿ ಸುತ್ತಿಬರಬೇಕು. ದೋಣಿ ಹತ್ತಿದರೆ ಹತ್ತು ನಿಮಿಷದೊಳಗೆ ಆಚೆ ದಡ. ದೋಣಿಯಿಂದ ಇಳಿದವರು ಕೋಟೆಯ ಎತ್ತರ ಹತ್ತುವ ಕಷ್ಟ ತಪ್ಪಲೆಂದು 2012ರಲ್ಲಿ 58 ಮೀಟರ್ ಎತ್ತರದ ಬರಾಕ್ಕಾ ಲಿಫ್ಟ್ ಕಟ್ಟಿದರು. ಗೊಝೊ ದ್ವೀಪದ ಕಥೆಯೂ ಹೀಗೆಯೇ. ಮಾಲ್ಟಾದ ಉತ್ತರ ತುದಿಯ ಚಿರ್ಕೆವ್ವಾದಿಂದ ಕಾರು ಹೊರುವ ಹಡಗು 25 ನಿಮಿಷದಲ್ಲಿ ದಾಟಿಸುತ್ತದೆ. ಆದರೆ ವಲೆಟ್ಟಾದಿಂದ ಚಿರ್ಕೆವ್ವಾ ಮುಟ್ಟುವುದೇ ದೊಡ್ಡ ಪ್ರಯಾಣ, ಅಲ್ಲಿ ವಾರಾಂತ್ಯದ ಕಾರಿನ ಸಾಲು ಬೇರೆ. 2021ರಿಂದ ವಲೆಟ್ಟಾ ಬಂದರಿನಿಂದಲೇ ಜನರನ್ನಷ್ಟೇ ಒಯ್ಯುವ ವೇಗದ ದೋಣಿ ಮುಕ್ಕಾಲು ಗಂಟೆಯಲ್ಲಿ ಗೊಝೊ ಮುಟ್ಟಿಸುತ್ತದೆ. ಅದಕ್ಕೆ ದುಡ್ಡು ಕೊಡಬೇಕು, ಜನ ಕೊಡುತ್ತಾರೆ. ಯಾಕೆಂದರೆ ಮಾಲ್ಟಾದಲ್ಲಿ ಕಾರು ಅಡ್ಡಬರಲಾಗದ ಸಾರ್ವಜನಿಕ ಸಾರಿಗೆ ಎಂದರೆ ದೋಣಿಯೊಂದೇ. ಉಚಿತ ಬಸ್ಸಿಗೆ ಕಾರು ಬಿಡದವರು ಕಾಸು ಕೊಟ್ಟು ದೋಣಿ ಹತ್ತುತ್ತಾರೆಂದರೆ, ಅವರು ಕೊಳ್ಳುತ್ತಿರುವುದು ಟಿಕೆಟ್ಟಲ್ಲ, ಉಳಿಯುವ ಹೊತ್ತು.

ಸುತ್ತಾಡಲು ಹೋಗುವವರಿಗೂ ಇದೇ ಲೆಕ್ಕ ದಾರಿ ತೋರುತ್ತದೆ. ಮಾಲ್ಟಾದಲ್ಲಿ ನಮ್ಮಂತೆಯೇ ಎಡಬದಿಯಲ್ಲಿ ವಾಹನ ಓಡಿಸುತ್ತಾರೆ, ಬಾಡಿಗೆ ಕಾರು ಸುಲಭವಾಗಿ ಸಿಗುತ್ತದೆ. ಸಿಗದಿರುವುದು ಅದನ್ನು ನಿಲ್ಲಿಸುವ ಜಾಗ. ವಲೆಟ್ಟಾ, ಸ್ಲೀಮಾ, ಮೂರು ಊರುಗಳ ಸುತ್ತ ದೋಣಿ ಮತ್ತು ಕಾಲ್ನಡಿಗೆಗಿಂತ ಮೇಲಾದದ್ದಿಲ್ಲ. ದೂರದ ಊರುಗಳಿಗೆ ವಲೆಟ್ಟಾ ಕೋಟೆಬಾಗಿಲ ಹೊರಗಿನ ಬಸ್ ನಿಲ್ದಾಣವೇ ಕೇಂದ್ರ. ಹೊರಗಿನವರು ಕೆಲವು ಯೂರೊ ಕೊಟ್ಟು ಹತ್ತಬೇಕು. ಅಲ್ಲಿ ಹತ್ತಿದವರಿಗೆ ಸೀಟು ಸಿಗುತ್ತದೆ, ದಾರಿಯಲ್ಲಿ ಕಾಯುವವರ ಮುಂದೆ ತುಂಬಿದ ಬಸ್ಸು ನಿಲ್ಲದೆ ಹೋಗುವುದೂ ಉಂಟು. ಗೊಝೊದಲ್ಲಿ ರಸ್ತೆ ಸಡಿಲ, ಬಸ್ಸು ವಿರಳ, ಹೆಚ್ಚಿನವು ವಿಕ್ಟೋರಿಯಾ ಪಟ್ಟಣದಿಂದಲೇ ಹೊರಡುವಂಥವು. ಅಲ್ಲಿ ಒಂದು ದಿನಕ್ಕೆ ಕಾರು ಹಿಡಿದರೆ ತಪ್ಪಿಲ್ಲ. ಚಿರ್ಕೆವ್ವಾದ ಹಡಗಿಗೆ ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ಹಿಂದಿರುಗುವಾಗ ಗೊಝೊ ಕಡೆಯಲ್ಲಿ ಕೇಳುತ್ತಾರೆ. ದ್ವೀಪಕ್ಕೆ ಹೋದವರು ಮರಳಲೇಬೇಕಲ್ಲ!

ಬಸ್ಸಿಗೆ ಒಂದು ಕೈಯಲ್ಲಿ ಕೊಟ್ಟ ಸರ್ಕಾರ ಕಾರಿಗೆ ಇನ್ನೊಂದು ಕೈಯಲ್ಲಿ ಇನ್ನೂ ಧಾರಾಳವಾಗಿ ಕೊಟ್ಟಿದೆ ಎಂಬುದು ಈ ಕಥೆಯ ವಿಚಿತ್ರ ಭಾಗ. ಯುಕ್ರೇನ್ ಯುದ್ಧದ ನಂತರ ಯುರೋಪಿನಲ್ಲೆಲ್ಲ ಇಂಧನದ ಬೆಲೆ ಏರಿದಾಗ ಮಾಲ್ಟಾ ತನ್ನ ದರವನ್ನು 2020ರ ಮಟ್ಟದಲ್ಲೇ ಹಿಡಿದು ನಿಲ್ಲಿಸಿತು: ಪೆಟ್ರೋಲು ಲೀಟರಿಗೆ 1.34 ಯೂರೊ, ಡೀಸೆಲ್ 1.21. ವ್ಯತ್ಯಾಸ ತುಂಬುವುದು ಬೊಕ್ಕಸ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಮಾರ್ಸಾ ಜಂಕ್ಷನ್‌ನಲ್ಲಿ ಫ್ಲೈಓವರುಗಳೆದ್ದಿದ್ದವು. ಅತ್ತಾರ್ಡ್ ಊರಿನ ಬಳಿ ರಸ್ತೆ ಅಗಲಿಸಲು ಮರ ಕಡಿಯುವುದರ ವಿರುದ್ಧ 2019ರಲ್ಲಿ ಜನ ಬೀದಿಗಿಳಿದರೂ ಕೆಲಸ ನಿಲ್ಲಲಿಲ್ಲ. ಅಗಲವಾದ ರಸ್ತೆಯಲ್ಲಿ ಕೆಲವು ತಿಂಗಳು ಗಾಳಿಯಾಡುತ್ತದೆ. ಇಲ್ಲಿ ಬೇಗ ಹೋಗಬಹುದೆಂದು ಗೊತ್ತಾದ ಮೇಲೆ ಬೇರೆ ದಾರಿ ಹಿಡಿದವರು, ಬೇರೆ ಹೊತ್ತಿಗೆ ಹೊರಡುತ್ತಿದ್ದವರು, ಎರಡನೇ ಕಾರು ಬೇಕೇ ಎಂದು ಯೋಚಿಸುತ್ತಿದ್ದವರು ಎಲ್ಲರೂ ಅಲ್ಲಿಗೇ ಬರುತ್ತಾರೆ.

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದ ದ್ವೀಪ ಸಿಂಗಪುರ. ಅಲ್ಲಿ ಬಸ್ಸು, ಮೆಟ್ರೊ ಯಾವುದೂ ಉಚಿತವಲ್ಲ. ಸುಮಾರು 735 ಚದರ ಕಿಲೋಮೀಟರ್ ನೆಲ, 60 ಲಕ್ಷ ಜನ, ಹತ್ತು ಜನರಿಗೆ ಎರಡು ವಾಹನವೂ ಇಲ್ಲ. ದಟ್ಟಣೆಯ ಹೊತ್ತಿನ ಪ್ರಯಾಣಗಳಲ್ಲಿ ಮೂರರಲ್ಲಿ ಎರಡು ಪಾಲು ಸಾರ್ವಜನಿಕ ಸಾರಿಗೆಯಲ್ಲಿ. ಅಲ್ಲಿ ಕಾರು ಕೊಳ್ಳುವ ಮೊದಲು ಕಾರು ಇಟ್ಟುಕೊಳ್ಳುವ ಹಕ್ಕುಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು. 1990ರಲ್ಲಿ ಬಂದ ಈ ಪತ್ರಕ್ಕೆ ಆಯುಷ್ಯ ಹತ್ತು ವರ್ಷ. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರಿನ ಪತ್ರವೊಂದಕ್ಕೆ ಒಂದೂವರೆ ಲಕ್ಷ ಸಿಂಗಪುರ ಡಾಲರ್, ಎಂದರೆ ಸುಮಾರು 90 ಲಕ್ಷ ರೂಪಾಯಿ ಆಗಿತ್ತು. ಕಾರಿನ ಬೆಲೆ ಬೇರೆ. 2018ರಿಂದ ಕಾರುಗಳ ಒಟ್ಟು ಸಂಖ್ಯೆ ಬೆಳೆಯಲೇಬಾರದೆಂದು ಸರ್ಕಾರ ಗೆರೆ ಎಳೆದಿದೆ. ಇದರ ಮೇಲೆ, ದಟ್ಟಣೆಯ ರಸ್ತೆಗಳಲ್ಲಿ ಹೊತ್ತಿಗೆ ತಕ್ಕಂತೆ ಶುಲ್ಕ. 1998ರಿಂದ ಅದನ್ನು ಕಾರಿನೊಳಗಿನ ಯಂತ್ರವೇ ಕತ್ತರಿಸುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಸಿಂಗಪುರಕ್ಕೆ ಒಳ್ಳೆಯ ಮೆಟ್ರೊ ಇದೆ, ಹಾಗಾಗಿ ಕಾರಿಗೆ ಕಡಿವಾಣ ಹಾಕಬಹುದು, ಮಾಲ್ಟಾದವರು ಮೊದಲು ಮೆಟ್ರೊ ಕಟ್ಟಲಿ, ಆಮೇಲೆ ಕಾರಿನ ಮಾತು. ಕೇಳಲು ನ್ಯಾಯವಾಗಿದೆ, ಇತಿಹಾಸ ಮಾತ್ರ ಹಾಗಿಲ್ಲ. ಸಿಂಗಪುರ ತನ್ನ ನಡುಪೇಟೆಗೆ ಬರುವ ಕಾರುಗಳ ಮೇಲೆ ಶುಲ್ಕ ಹೇರಿದ್ದು 1975ರಲ್ಲಿ. ಬೆಳಗಿನ ಹೊತ್ತು ಒಳಬರಲು ದಿನಕ್ಕೆ 3 ಡಾಲರಿನ ಚೀಟಿ ಕೊಂಡು ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. ನಾಲ್ವರನ್ನು ಕೂರಿಸಿಕೊಂಡು ಬಂದ ಕಾರಿಗೆ ವಿನಾಯಿತಿ. ಒಳಬರುವ ವಾಹನಗಳು ನೂರಕ್ಕೆ ನಲವತ್ತಕ್ಕೂ ಹೆಚ್ಚು ಇಳಿದವು. ಆಗ ಅಲ್ಲಿ ಇದ್ದದ್ದು ಬಸ್ಸು ಮಾತ್ರ. ಮೆಟ್ರೊ ಬೇಕೇ ಬೇಡವೇ ಎಂಬ ಜಗಳ ಇನ್ನೂ ಮುಗಿದಿರಲಿಲ್ಲ. 1980ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಜ್ಞರ ತಂಡವೊಂದು ಬಸ್ಸೇ ಸಾಕೆಂದು ವರದಿ ಕೊಟ್ಟಿತ್ತು. 1982ರಲ್ಲಿ ಮೆಟ್ರೊ ಕಟ್ಟುವ ತೀರ್ಮಾನವಾಯಿತು, ಮೊದಲ ರೈಲು ಓಡಿದ್ದು 1987ರ ನವೆಂಬರಿನಲ್ಲಿ. ಕಾರಿನ ಶುಲ್ಕ ಮೆಟ್ರೊಗಿಂತ ಹನ್ನೆರಡು ವರ್ಷ ಹಿರಿದು. ಮಾಲ್ಟಾದಲ್ಲೂ 2021ರಲ್ಲಿ ಮೆಟ್ರೊ ಪ್ರಸ್ತಾಪ ಬಂತು: 35 ಕಿಲೋಮೀಟರ್, 25 ನಿಲ್ದಾಣ, 6.2 ಬಿಲಿಯನ್ ಯೂರೊ ಅಂದಾಜು. ನೆಲದಡಿ ಸುರಂಗ ಕೊರೆಯುವುದು ಕಷ್ಟ, ಖರ್ಚು ಇನ್ನೂ ಕಷ್ಟ. ಆದರೆ ರಾಜಕಾರಣಿಗೆ ಅದರಲ್ಲೊಂದು ಅನುಕೂಲವಿದೆ, ಅದು ಕಾರಿನಿಂದ ಒಂದಂಗುಲ ರಸ್ತೆಯನ್ನೂ ಕಿತ್ತುಕೊಳ್ಳುವುದಿಲ್ಲ. ಮೆಟ್ರೊ ಬರುವವರೆಗೆ ಕಾರಿಗೆ ಏನೂ ಹೇಳಬೇಡಿ ಎನ್ನುವುದು ಹಲವು ಬಾರಿ ಎಂದೂ ಏನೂ ಹೇಳಬೇಡಿ ಎನ್ನುವುದರ ಸಭ್ಯ ರೂಪ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಸಿಂಗಪುರದಲ್ಲಿ ಒಂದೇ ಪಕ್ಷ ದಶಕಗಳಿಂದ ಆಳುತ್ತಿದೆ, ಅಲ್ಲಿ ಇಂಥದ್ದು ನಡೆದೀತು; ಮಾಲ್ಟಾದಲ್ಲಿ ಎರಡು ಪಕ್ಷಗಳು ಸಮಸಮನಾಗಿ ಹೋರಾಡುತ್ತವೆ, ಮತದಾರರ ಕೈಯಲ್ಲಿ ಕಾರಿನ ಕೀಲಿಯಿದೆ. ಮೇಲಾಗಿ ಹರಾಜಿನ ಪದ್ಧತಿಯಲ್ಲಿ ರಸ್ತೆ ಶ್ರೀಮಂತರ ಸೊತ್ತಾಗುತ್ತದೆ. ಎರಡೂ ಮಾತು ನಿಜ, ಸಿಂಗಪುರದ ಹರಾಜನ್ನು ಹಾಗೆಯೇ ತಂದು ನೆಡಬೇಕೆಂದು ನಾನೂ ಹೇಳಲಾರೆ. ಆದರೆ ಈಗಿನ ಏರ್ಪಾಡು ಬಡವರ ಪರವಾಗಿದೆಯೇ ಎಂದೂ ಕೇಳಬೇಕಲ್ಲ? ಮಾಲ್ಟಾದಲ್ಲಿ ಬಸ್ಸನ್ನೇ ನಂಬಿದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ವಯಸ್ಸಾದವರಿದ್ದಾರೆ, ಹೊರದೇಶಗಳಿಂದ ದುಡಿಯಲು ಬಂದವರಿದ್ದಾರೆ. ಈ ಕೊನೆಯವರಲ್ಲಿ ಭಾರತೀಯರು ಬಹಳ. ಅಲ್ಲಿನ ಬಸ್ಸು ಓಡಿಸುವವರಲ್ಲೂ ನಮ್ಮವರಿದ್ದಾರೆ. ಕಾರಿನ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ದಂಡ ತೆರುವವರು ಇವರೇ, ಕೆಲಸಕ್ಕೆ ತಡವಾಗುವುದು ಇವರಿಗೇ. ಹಿಡಿದು ನಿಲ್ಲಿಸಿದ ಪೆಟ್ರೋಲ್ ದರದ ಲಾಭ ಹೆಚ್ಚು ಸಿಗುವುದು ಹೆಚ್ಚು ಕುಡಿಯುವ ದೊಡ್ಡ ಕಾರಿಗೆ. ಅದರ ಖರ್ಚು ಕಾರಿಲ್ಲದವರ ತೆರಿಗೆಯಿಂದಲೂ ಹೋಗುತ್ತದೆ. ಇನ್ನು ಪ್ರಜಾಪ್ರಭುತ್ವದಲ್ಲಿ ಇದು ಆಗದು ಎಂಬುದಕ್ಕೆ ವಲೆಟ್ಟಾದಲ್ಲೇ ಉತ್ತರವಿದೆ. 2007ರಿಂದ ಅಲ್ಲಿ ಕ್ಯಾಮೆರಾಗಳು ಕಾರಿನ ನಂಬರ್ ಓದಿ, ಒಳಗಿದ್ದ ಹೊತ್ತಿಗೆ ತಕ್ಕಂತೆ ಶುಲ್ಕ ಹಾಕುತ್ತವೆ. ಊರೊಳಗಿನ ನಿವಾಸಿಗಳಿಗೆ ವಿನಾಯಿತಿ. ಆ ಮೇಲೆ ಸರ್ಕಾರಗಳು ಬದಲಾದವು, ಕ್ಯಾಮೆರಾ ಉಳಿದವು. ಸ್ಲೀಮಾದಲ್ಲಿ ಅದು ಯಾಕಾಗದು ಎಂದು ಕೇಳಿದರೆ ಎಂಜಿನಿಯರ್ ಬಳಿ ಕಾರಣವಿಲ್ಲ, ಅಭ್ಯರ್ಥಿಯ ಬಳಿ ಇದೆ.

ಓದುಗರಲ್ಲಿ ಕೆಲವರಿಗೆ ಶಕ್ತಿ ಯೋಜನೆ ನೆನಪಾಗಿರಬಹುದು. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳು ಉಚಿತ. ಮಾಲ್ಟಾದ್ದು ಫಲಿಸಲಿಲ್ಲ ಅಂದರೆ ಇದೂ ದಂಡವೇ? ಅಲ್ಲ, ಎರಡರ ಗುರಿಯೇ ಬೇರೆ. ಇಲ್ಲಿ ಉಚಿತ ಟಿಕೆಟ್ ಪಡೆದವರಲ್ಲಿ ಬಹುಪಾಲು ಹೆಂಗಸರಿಗೆ ಮನೆಯಲ್ಲಿ ಕಾರಿರಲಿಲ್ಲ; ಅವರಿಗೆ ಬಸ್ ಚಾರ್ಜು ಹೊರಗೆ ಹೋಗುವುದಕ್ಕೂ ಮನೆಯಲ್ಲೇ ಉಳಿಯುವುದಕ್ಕೂ ನಡುವಿನ ತಡೆ. ಆ ತಡೆ ತೆಗೆದರೆ ಓಡಾಟ ಹೆಚ್ಚುತ್ತದೆ, ಹೆಚ್ಚಬೇಕಾದದ್ದೂ ಅದೇ. ಮಾಲ್ಟಾದಲ್ಲಿ ಹೊರಗೆ ಹೋಗಲು ಹೆಚ್ಚಿನವರಿಗೆ ಕಾರಿತ್ತು, ಅದನ್ನು ಬಿಡಿಸಬೇಕಿತ್ತು. ದುಡ್ಡಿಲ್ಲದವರಿಗೆ ಬಸ್ ಹತ್ತಿಸುವ ಉಪಾಯವೂ ಕಾರಿರುವವರನ್ನು ಇಳಿಸುವ ಉಪಾಯವೂ ಒಂದೇ ಆಗಬೇಕಿಲ್ಲ.

ಹಾಗಾದರೆ ಮಾಲ್ಟಾಕ್ಕೆ ನಾಳೆಯೇ ಸಾಧ್ಯವಾಗುವುದೇನು? ಮೆಟ್ರೊಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಮುಖ್ಯ ರಸ್ತೆಗಳ ಒಂದೊಂದು ಸಾಲನ್ನು ಬಸ್ಸಿಗೆ ಮೀಸಲಿಡಬಹುದು. ಊರೊಳಗಿನ ಕಿರಿದಾದ ಬೀದಿಗಳಲ್ಲಿ ಅದಕ್ಕೆ ಜಾಗವಿಲ್ಲ ಎನ್ನುತ್ತಾರೆ. ಜಾಗವಿದೆ, ಅದರಲ್ಲಿ ಕಾರು ನಿಂತಿದೆ. ಹಗಲಿಡೀ ಅಲುಗದೆ ನಿಂತ ಕಾರಿನ ಒಂದು ಸಾಲನ್ನು ತೆಗೆದರೆ ಬಸ್ಸಿಗೆ ದಾರಿಯಾಗುತ್ತದೆ, ಆದರೆ ಆ ಸಾಲಿನ ಪ್ರತಿ ಕಾರಿಗೂ ಒಬ್ಬ ಒಡೆಯ, ಅವನ ಮನೆಯಲ್ಲಿ ನಾಲ್ಕು ಮತ. ದೋಣಿ ಮಾರ್ಗಗಳನ್ನು ಕರಾವಳಿಯುದ್ದಕ್ಕೂ ಬೆಳೆಸಲು ಇಷ್ಟು ವಿರೋಧ ಬಾರದು. ಗಾಳಿ ಜೋರಾದ ಚಳಿಗಾಲದ ದಿನಗಳಲ್ಲಿ ಮಾತ್ರ ಅವು ನಿಲ್ಲಬೇಕಾಗುತ್ತದೆ. ಇಂಧನ ದರವನ್ನು ಮೆಲ್ಲಗೆ ಸಡಿಲಬಿಟ್ಟು, ಉಳಿದ ಹಣದಲ್ಲಿ ಬಸ್ಸುಗಳನ್ನು ಹೆಚ್ಚಿಸಿದರೆ ತುಂಬಿದ ಬಸ್ಸು ನಿಲ್ದಾಣ ದಾಟಿ ಓಡುವುದಾದರೂ ತಪ್ಪುತ್ತದೆ.

ಸರ್ಕಾರ ಹಿಡಿದದ್ದು ಬೇರೆ ಹಾದಿ. 2025ರಲ್ಲಿ ಅದು ಮೂವತ್ತರೊಳಗಿನ ಯುವಕರಿಗೆ ಒಂದು ಕೊಡುಗೆ ಪ್ರಕಟಿಸಿತು: ಐದು ವರ್ಷ ಚಾಲನಾ ಪರವಾನಗಿ ಬಿಟ್ಟುಕೊಟ್ಟರೆ ವರ್ಷಕ್ಕೆ 5,000ದಂತೆ ಒಟ್ಟು 25,000 ಯೂರೊ. ಟಿಕೆಟ್ ಉಚಿತ ಮಾಡಿದರೂ ಕಾರು ಬಿಡದವರಿಗೆ ಕೈಯಲ್ಲಿ ಹಣವಿಟ್ಟು ಬಿಡಿಸುವ ಪ್ರಯತ್ನ ಇದು. ಸ್ವಲ್ಪ ಜನ ಒಪ್ಪಿಯಾರು. ಮೊದಲೇ ಕಾರು ಕಡಿಮೆ ಓಡಿಸುತ್ತಿದ್ದವರು ಮುಂದೆ ಬರುವ ಸಂಭವವೇ ಹೆಚ್ಚು. ಹಾಗೆ ಒಪ್ಪಿದವರೂ ಮಾರನೆಯ ಬೆಳಿಗ್ಗೆ ನಿಲ್ದಾಣದಲ್ಲಿ ನಿಂತು ಕಾಯಬೇಕಾದ್ದು ಅದೇ ಬಸ್ಸಿಗೆ, ಮತ್ತು ಆ ಬಸ್ಸು ಬರಬೇಕಾದ್ದು ಪರವಾನಗಿ ಬಿಡದ ಉಳಿದವರ ಕಾರುಗಳ ಹಿಂದೆ.